ದಾರಿಗೂ ಒಂದು ಹೆಸರಿರಲಿ

ಮಾನ್ಯರೇ,

ಗೆಳೆಯರೊಡನೆ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಿಂದ ಫ್ಯೂಸೆನ್‌ವರೆಗೆ ಕಾರಿನಲ್ಲಿ ಹೋಗಿದ್ದೆ. 1950ರಲ್ಲಿ ಪ್ರವಾಸಿಗರಿಗಾಗಿಯೇ ‘ರೊಮ್ಯಾಂಟಿಕ್ ರೋಡ್’ ಎಂದು ಹೆಸರಿಟ್ಟ, ಸುಮಾರು 460 ಕಿ.ಮೀ. ದಾರಿ ಅದು. ಹೊಸ ರಸ್ತೆಯೇನಲ್ಲ, ಹೊಲ, ಹಳ್ಳಿಗಳ ನಡುವೆ ಇದ್ದ ರಸ್ತೆಗಳನ್ನೇ ಜೋಡಿಸಿ ಕಂದು ಫಲಕ ನೆಟ್ಟಿದ್ದಾರೆ. ಉಲ್ಕೆ ಬಿದ್ದು ಉಂಟಾದ ಕುಳಿಯೊಳಗಿರುವ ನೋರ್ಡ್‌ಲಿಂಗನ್ ಊರಿನ ಕೋಟೆಗೋಡೆಯ ಮೇಲೆ ಪೂರ್ತಿ ಸುತ್ತು ಹಾಕಿದೆವು. ರೋಣದ ಗೆಳೆಯನಿಗೆ ಮಾತ್ರ ಹೊರಗಿನ ಗೋಧಿ ಹೊಲಗಳ ಮೇಲೆಯೇ ಕಣ್ಣು!

ನಮ್ಮಲ್ಲೇನು ಕಡಿಮೆ? ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಮುಸುಕಿನ ಬಾವಿ, ಡಂಬಳದ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿ, ಅದರಾಚೆ ಕಪ್ಪತಗುಡ್ಡ. ಈ ದಾರಿಗೊಂದು ಹೆಸರಿಟ್ಟು, ತಿರುವು ತಿರುವಿಗೆ ಒಂದೇ ಬಣ್ಣದ ಫಲಕ, ಎರಡು ಕಡೆ ಶುಚಿಯಾದ ಶೌಚಾಲಯ ಮಾಡಿಸಿದರೆ ಸಾಕು. ಉದ್ಘಾಟನೆಗೆ ಶಾಮಿಯಾನ ಬೇಡ.

– ನಿವೃತ್ತ ಭೂಗೋಳ ಶಿಕ್ಷಕ, ಬೆಟಗೇರಿ, ಗದಗ