ಬಳಸದೆ ಇಟ್ಟಿರುವ ನಿಮ್ಮ ಡೊಮೇನ್ ಹೆಸರುಗಳ ಬಗ್ಗೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ನೀವು ನಮ್ಮ ಮೂಲಕ ನೋಂದಾಯಿಸಿ ಬಳಸದೆ ಇಟ್ಟಿರುವ ಡೊಮೇನ್ ಹೆಸರುಗಳಲ್ಲಿ, ಅಂದರೆ ಜಾಲತಾಣದ ವಿಳಾಸಗಳಲ್ಲಿ, ಇದುವರೆಗೆ ಬರೀ ಜಾಹೀರಾತುಗಳ ಪುಟವೊಂದನ್ನು ಹಾಕಿಡುತ್ತಿದ್ದೆವು. ಬರುವ ತಿಂಗಳ ಒಂದನೇ ತಾರೀಕಿನಿಂದ ಅದನ್ನು ನಿಲ್ಲಿಸುತ್ತೇವೆ. ನೀವು ಒಪ್ಪಿದರೆ ಅದೇ ಹೆಸರಿನಲ್ಲಿ ನಾಲ್ಕೈದು ಪುಟಗಳ ಸರಳ ಜಾಲತಾಣವನ್ನು ಕಟ್ಟಿಕೊಡುತ್ತೇವೆ.

ಖಾಲಿ ಪುಟ ದುಡಿಯುವ ಕಾಲ ಮುಗಿದಿದೆ. 2025ರಲ್ಲಿ ಗೂಗಲ್ ಇಂಥ ಪುಟಗಳನ್ನು ಜಾಹೀರಾತುದಾರರ ಖಾತೆಗಳಿಂದ ತಾನಾಗಿಯೇ ಹೊರಗಿಡತೊಡಗಿತು, ಅಂದರೆ ಅವರ ಜಾಹೀರಾತುಗಳು ಇಂಥ ಪುಟಗಳಲ್ಲಿ ಬರುವುದು ಕಡಿಮೆಯಾಯಿತು. ಆಮೇಲೆ ಆ ಪುಟಗಳಿಂದ ನಿಮಗೆ ಬರುತ್ತಿದ್ದ ಹಣ ಹೆಸರಿನ ನವೀಕರಣದ ಖರ್ಚಿಗೂ ಸಾಲದಾಯಿತು. ಹಾಗಿದ್ದೂ ವರ್ಷ ವರ್ಷ ನಿಮ್ಮಿಂದ ಶುಲ್ಕ ಪಡೆಯುತ್ತಿರಲು ನಮಗೆ ಮನಸ್ಸು ಬರಲಿಲ್ಲ.

ಪೆರ್ಲದ ಗ್ರಾಹಕರೊಬ್ಬರು ಅಡಿಕೆ ಹಾಳೆತಟ್ಟೆಯ ಘಟಕ ಹಾಕಬೇಕೆಂದು ಐದು ವರ್ಷದ ಹಿಂದೆ ಒಂದು ಹೆಸರು ಕೊಂಡಿದ್ದರು. ಘಟಕ ಆಗಲಿಲ್ಲ, ಹೆಸರು ಉಳಿಯಿತು. ಕಳೆದ ಮಳೆಗಾಲದಲ್ಲಿ ಅವರ ಜೊತೆ ಕುಳಿತು ಐದು ಪುಟ ಬರೆದೆವು: ಹಾಳೆಯನ್ನು ತೊಳೆದು ಒಣಗಿಸುವ ಬಗೆ, ಅಚ್ಚಿನ ಬಿಸಿ, ಬೂಷ್ಟು ಹಿಡಿಯದಂತೆ ತಟ್ಟೆ ಕಟ್ಟಿಡುವುದು, ಹತ್ತು ಇಂಚಿನದು ಯಾವುದಕ್ಕೆ, ಹನ್ನೆರಡು ಇಂಚಿನದು ಯಾವುದಕ್ಕೆ. ಚಿತ್ರಗಳೆಲ್ಲ ಅವರ ಅಂಗಳದಲ್ಲೇ ತೆಗೆದವು. ಮದುವೆ, ಉಪನಯನಗಳ ಮನೆಯವರು ಈಗ ಅವರಿಗೆ ಫೋನ್ ಮಾಡುತ್ತಾರೆ. ಬಂದ ಬೇಡಿಕೆಯನ್ನು ಅವರು ನೆರೆಯ ಘಟಕಗಳಿಗೆ ಒಪ್ಪಿಸಿ ಕಮಿಷನ್ ಪಡೆಯುತ್ತಾರೆ. ತಟ್ಟೆ ಒತ್ತದೆಯೇ ತಟ್ಟೆಯಿಂದ ಆದಾಯ! ಅವರ ಮೊದಲ ಫೋನ್ ಬಂದ ದಿನ ನಮ್ಮ ಕಚೇರಿಯಲ್ಲೂ ಸಂಭ್ರಮವಿತ್ತು.

ಬೇಕಲದ ಬಳಿಯ ಹೋಂಸ್ಟೇ, ಕಾಸರಗೋಡು ಸೀರೆ, ಗಿಡ್ಡ ತಳಿಯ ಹಸು, ಅಡಿಕೆ ಸಸಿ: ಇಂಥ ಹೆಸರು ನಿಮ್ಮಲ್ಲಿದ್ದರೆ ದಯವಿಟ್ಟು ಬಿಡಬೇಡಿ. ಪುಟಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯುತ್ತೇವೆ, ಏಕೆಂದರೆ ನಮ್ಮೂರಿನವರು ಎರಡರಲ್ಲೂ ಹುಡುಕುತ್ತಾರೆ. ಆದರೆ ಬೇರೆಯವರ ಬ್ರಾಂಡಿನ ಹೆಸರಿದ್ದರೆ ಅದನ್ನು ಮುಟ್ಟುವುದಿಲ್ಲ. ಅದು ವ್ಯಾಜ್ಯಕ್ಕೆ ದಾರಿ.

ಜಾಹೀರಾತನ್ನೇ ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇವೆ. ತಾಣಗಳಲ್ಲಿ ಜಾಹೀರಾತು ಹಾಕಿ ಹಣ ಕೊಡುವ ಗೂಗಲ್‌ನ ಸೇವೆಯಾದ ಆಡ್‌ಸೆನ್ಸ್‌ನ ಖಾತೆಯಲ್ಲಿ ನೂರು ಡಾಲರ್ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ, ಸಣ್ಣ ತಾಣಕ್ಕೆ ಅಷ್ಟಾಗಲು ಬಹಳ ಕಾಲ ಬೇಕು. ಫೋನ್ ಕರೆ, ಕಮಿಷನ್, ಊರಿನ ಅಂಗಡಿಯವರು ನೇರವಾಗಿ ಕೊಡುವ ಜಾಹೀರಾತು, ಇವೇ ಬೇಗ ಫಲ ಕೊಡುವವು.

ತಾಣ ಕಟ್ಟಲು ಒಮ್ಮೆ 2,500 ರೂಪಾಯಿ. ನವೀಕರಣದ ದರ ಮೊದಲಿನಂತೆಯೇ. ಹೆಸರು ನಿಮ್ಮದೇ, ಆದಾಯವೂ ಪೂರ್ತಿ ನಿಮ್ಮದೇ. ಬೇಡವೆನ್ನುವವರು ಅವಧಿ ಮುಗಿಯುವ ಮೊದಲೇ ತಿಳಿಸಿ. ಡಾಟ್ ಕಾಮ್ ಹೆಸರೊಂದು ರದ್ದಾದ ಮೇಲೆ ಮನಸ್ಸು ಬದಲಾದರೆ ಅದನ್ನು ಬಿಡಿಸಿಕೊಳ್ಳಲು ಮೂವತ್ತು ದಿನ ಮಾತ್ರ ಅವಕಾಶ, ಅದಕ್ಕೆ ದಂಡದಂತೆ ಹೆಚ್ಚಿನ ಶುಲ್ಕವೂ ಇದೆ.

ಭಾನುವಾರ ಬಿಟ್ಟು ಯಾವ ದಿನವಾದರೂ ಬದಿಯಡ್ಕದ ಕಚೇರಿಗೆ ಬನ್ನಿ. ಆ ಹೆಸರನ್ನು ಯಾವ ಯೋಚನೆಯಿಂದ ಕೊಂಡಿದ್ದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಮೊದಲ ಪುಟವನ್ನು ಅಲ್ಲಿಂದಲೇ ಶುರು ಮಾಡುತ್ತೇವೆ.

ಇತಿ ನಿಮ್ಮ ವಿಶ್ವಾಸಿಗಳು,
ಜಾಲತಾಣ ವಿಭಾಗ, ಬದಿಯಡ್ಕ