ಯು ಉದ್ಯಾನದಲ್ಲಿ ಅಮ್ಮನಿಗೆ ತೋಳು ಕೊಟ್ಟ ಹಿರಿಯರಿಗೆ

ಶಾಂಘೈನ ಹಳೆಯ ಪೇಟೆಯಲ್ಲಿ ನಮಗೆ ಸಿಕ್ಕ ಹಿರಿಯರೇ, ನಿಮ್ಮ ಹೆಸರು ತಿಳಿಯದು. ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ಯು ಉದ್ಯಾನದ ಬಾಗಿಲಿಗೆ ಮುನ್ನ ಸಿಗುವ ಒಂಬತ್ತು ತಿರುವಿನ ಸೇತುವೆಯ ಮೇಲೆ ವಿಪರೀತ ನೂಕುನುಗ್ಗಲು. ಮಂಡಿನೋವಿನ ಅಮ್ಮ ಹೆಜ್ಜೆ ಇಡಲಾರದೆ ನಿಂತಾಗ ನೀವಾಗಿಯೇ ಬಂದು ತೋಳು ಕೊಟ್ಟಿರಿ. ಸೇತುವೆ ದಾಟಿಸಿ ಹೊರಟುಬಿಡಬಹುದಿತ್ತು. ಆದರೆ ಒಳಗೂ ಜೊತೆಗೆ ಬಂದಿರಿ. ಮಿಂಗ್ ಕಾಲದ ಅಧಿಕಾರಿ ಪಾನ್ ಯುನ್‌ದುವಾನ್ 1559ರಲ್ಲಿ ತನ್ನ ತಂದೆಯ ನೆಮ್ಮದಿಗೆಂದು ಈ ತೋಟದ ಕೆಲಸ ಆರಂಭಿಸಿದ ಎಂದು ಮೊಬೈಲಿನಲ್ಲಿ ಅನುವಾದಿಸಿ ತೋರಿಸಿದಿರಿ. ಅಮ್ಮ ನನ್ನತ್ತ ನೋಡಿ ನಕ್ಕರು!

ಯುಲಿಂಗ್‌ಲಾಂಗ್ ಬಂಡೆಯ ಮುಂದೆ ಬಹಳ ಹೊತ್ತು ನಿಂತೆವು. ಮೈತುಂಬ ರಂಧ್ರಗಳು. ಬುಡದಲ್ಲಿ ಧೂಪ ಹಚ್ಚಿದರೆ ಎಲ್ಲ ರಂಧ್ರಗಳಿಂದಲೂ ಹೊಗೆ ಏಳುತ್ತದಂತೆ, ನೆತ್ತಿಗೆ ನೀರು ಸುರಿದರೆ ಒಂದೊಂದರಿಂದಲೂ ಇಳಿಯುತ್ತದಂತೆ. ಆ ಹೊಗೆಯ ದಾರಿಯನ್ನು ನೀವು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದ ರೀತಿ ಎಷ್ಟು ಚೆಂದ! ಡ್ರ್ಯಾಗನ್ ಗೋಡೆಯ ಬಳಿ ಮೆಟ್ಟಿಲು ಬಂದಲ್ಲೆಲ್ಲ ಮೊದಲೇ ತಿರುಗಿ ಕೈ ಚಾಚುತ್ತಿದ್ದಿರಿ.

ನಾವು ಕೊಟ್ಟ ಹಣ್ಣನ್ನೂ ತೆಗೆದುಕೊಳ್ಳದೆ ಹೊರಟಿರಿ. ಈ ಹಿರಿಯರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಿ: ಅಮ್ಮ ಚೆನ್ನಾಗಿದ್ದಾರೆ, ಅವರನ್ನು ದಿನವೂ ನೆನೆಯುತ್ತಾರೆ.