ಕಾಗದದ ಟೆಂಡರ್‌ನಲ್ಲಿ ಮರ ಬೆಳೆದ ನೆಲವನ್ನೂ ಕೇಳಿ

ಮಾನ್ಯ ಸಂಪಾದಕರೇ,

ಮೈಸೂರಿನ ಶಾಲಾ-ಕಾಲೇಜು, ಕಚೇರಿಗಳು ಕಾಗದ ಕೊಳ್ಳಲು ಕರೆಯುವ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಅಳತೆ, ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ), ಬಿಳುಪು, ದರ ಇಷ್ಟೇ ಇರುತ್ತವೆ. ಕಾಗದ ಮಾಡುವ ಪಲ್ಪ್, ಅಂದರೆ ನಾರಿನ ತಿರುಳು, ಯಾವ ಮರದ್ದು, ಆ ಮರ ಬೆಳೆದ ನೆಲ ಮೊದಲು ಏನಾಗಿತ್ತು ಎಂದು ಕೇಳುವವರು ಕಡಿಮೆ. ಕಾಗದಕ್ಕಾಗಿ ಉಷ್ಣವಲಯದ ಕಾಡು ನಾಶವಾಗುವುದನ್ನು ತಡೆಯಲು ಕೊಳ್ಳುವವರಿಗಿರುವ ದಾರಿ ಆ ಪ್ರಶ್ನೆಯೇ.

‘ನಮ್ಮದು ನೆಡುತೋಪಿನ ಮರ, ಕಾಡಿನದಲ್ಲ’ ಎಂದು ಸರಬರಾಜುದಾರರು ಹೇಳುವುದುಂಟು. ಮಾತು ನಿಜವಿರಬಹುದು, ಆದರೆ ಅಷ್ಟು ಸಾಲದು. ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಪಲ್ಪ್ ಗಿರಣಿಗಳು ಮೊದಲು ಸಹಜ ಕಾಡಿನ ಬೆರಕೆ ಮರಗಳನ್ನೇ ಅರೆದವು. ಬಯಲಾದ ಜಾಗದಲ್ಲಿ ಅಕೇಶಿಯಾ ನೆಡಿಸಿದವು. ಅದರಲ್ಲಿ ಬಹಳಷ್ಟು ಪೀಟ್ ನೆಲ. ಅಂದರೆ ಸಾವಿರಾರು ವರ್ಷಗಳಿಂದ ನೀರಲ್ಲಿ ನೆನೆದು, ಪೂರ್ತಿ ಕೊಳೆಯದೆ ಉಳಿದ ಎಲೆ, ಬೇರು, ಕಾಂಡಗಳ ಪದರ. ಅಕೇಶಿಯಾದ ಬುಡದಲ್ಲಿ ನೀರು ನಿಲ್ಲಬಾರದೆಂದು ಕಾಲುವೆ ತೋಡಿ ಬಸಿಯುತ್ತಾರೆ. ಗಾಳಿ ತಾಗಿದ ಪೀಟ್ ಕೊಳೆಯತೊಡಗುತ್ತದೆ. ಮೊದಲ ಐದು ವರ್ಷದಲ್ಲಿ ನೆಲ ಒಂದು ಮೀಟರಿಗೂ ಹೆಚ್ಚು ಕುಸಿಯುತ್ತದೆ, ಆಮೇಲೆ ವರ್ಷಕ್ಕೆ ಸುಮಾರು 5 ಸೆಂ.ಮೀ. ಒಣಗಿದ ಪೀಟ್‌ಗೆ ಬೆಂಕಿ ಬಿದ್ದರೆ ಮೇಲೆ ಆರಿದಂತೆ ಕಂಡರೂ ಒಳಗೆ ವಾರಗಟ್ಟಲೆ ಉರಿಯುತ್ತದೆ. 2015ರಲ್ಲಿ ಇಂಡೊನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಇದೆಲ್ಲ ಕಾಗದದವರ ಪಾಲಲ್ಲ, ತಾಳೆ ಎಣ್ಣೆ ತೋಟಗಳ ಪಾಲೂ ದೊಡ್ಡದು. ಅಲ್ಲಿನ ಎರಡು ದೊಡ್ಡ ಕಾಗದ ಸಮೂಹಗಳು 2013 ಮತ್ತು 2015ರಲ್ಲಿ ಸಹಜ ಕಾಡು ಕಡಿಯುವುದಿಲ್ಲ ಎಂದು ಘೋಷಿಸಿದವು. ಹೊರದೇಶದ ದೊಡ್ಡ ಗಿರಾಕಿಗಳು ಆರ್ಡರ್ ನಿಲ್ಲಿಸತೊಡಗಿದ್ದು ಅದಕ್ಕೆ ಮುಖ್ಯ ಕಾರಣ. ಆದ್ದರಿಂದಲೇ ಟೆಂಡರ್‌ನ ಒಂದು ಸಾಲಿಗೆ ಬೆಲೆಯಿದೆ ಎನ್ನುತ್ತಿದ್ದೇವೆ.

ಆ ಸಾಲು ಹೀಗಿರಲಿ: ‘31-12-2020ರ ನಂತರ ಸಹಜ ಕಾಡು ಕಡಿದ ನೆಲದ ಮರವಾಗಲಿ, ನೀರು ಬಸಿದ ಪೀಟ್ ನೆಲದ ಮರವಾಗಲಿ ಈ ಕಾಗದದಲ್ಲಿ ಇಲ್ಲ ಎಂದು ಗಿರಣಿ ಲಿಖಿತವಾಗಿ ಕೊಡಬೇಕು, ಮರದ ಜಾತಿ, ಬೆಳೆದ ದೇಶ ಮತ್ತು ಪ್ರಾಂತ್ಯ ತಿಳಿಸಬೇಕು.’ ಆ ದಿನಾಂಕ, ಕಾಡು ಕಡಿದ ನೆಲದ ಸರಕನ್ನು ತಡೆಯುವ ಐರೋಪ್ಯ ಒಕ್ಕೂಟದ 2023ರ ಕಾಯ್ದೆಯದು. ಅದರ ಜಾರಿ ಮುಂದೆ ಹೋಗುತ್ತಿದ್ದರೂ ಅಲ್ಲಿಗೆ ಮಾರುವ ಗಿರಣಿಗಳು ಈ ದಾಖಲೆ ಹೊಂದಿಸತೊಡಗಿವೆ. ಪ್ರಯೋಗಾಲಯದ ಪರೀಕ್ಷೆ ಇದಕ್ಕೆ ಬದಲಿಯಲ್ಲ. ಸಹಜ ಕಾಡಿನ ಪಲ್ಪ್ ಆದರೆ ಸೂಕ್ಷ್ಮದರ್ಶಕದಲ್ಲಿ ಹಲವು ಜಾತಿಯ ಮರಗಳ ಕೋಶಗಳು ಕಾಣುತ್ತವೆ, ಹಿಡಿಯಬಹುದು. ಪೀಟ್ ನೆಲದ ಅಕೇಶಿಯಾ, ಗಟ್ಟಿ ನೆಲದ ಅಕೇಶಿಯಾ ಎರಡೂ ಅಲ್ಲಿ ಒಂದೇ.

ಕಾಡು, ನೆಡುತೋಪುಗಳ ನಿರ್ವಹಣೆಗೆ ಪ್ರಮಾಣೀಕರಣದ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಸ್‌ಸಿಯ ಮುದ್ರೆ ನೋಡಿ ಸುಮ್ಮನಾಗುವುದೂ ತಪ್ಪು. ಮುದ್ರೆಯಲ್ಲಿ ‘ಮಿಕ್ಸ್’ ಎಂದಿದ್ದರೆ ಪ್ರಮಾಣೀಕೃತ ಅಥವಾ ಮರುಬಳಕೆಯ ನಾರು ಕನಿಷ್ಠ 70% ಎಂದರ್ಥ, ಪೂರ್ತಿ ಅಲ್ಲ. ಎಡವಟ್ಟು ಹೆಚ್ಚಾಗಿ ಆಗುವುದು ಕೊನೆಯ ಹಂತದಲ್ಲಿ. ಗಿರಣಿಗೆ ಪ್ರಮಾಣಪತ್ರ ಇರುತ್ತದೆ. ಅಲ್ಲಿಂದ ರೀಲ್ ತಂದು ಎ4 ಅಳತೆಗೆ ಕತ್ತರಿಸಿ ಬೇರೆ ಹೊದಿಕೆ ಹಾಕುವವರಿಗೆ, ನೋಟ್‌ಬುಕ್ ಹೊಲಿಯುವವರಿಗೆ ಇರುವುದಿಲ್ಲ. ಅಲ್ಲಿಗೆ ಪ್ರಮಾಣಪತ್ರದ ಸರಪಳಿ ಕಡಿಯಿತು, ಮುದ್ರೆಗೆ ಆಧಾರ ಉಳಿಯಲಿಲ್ಲ. ಅದಕ್ಕೇ ಹೊದಿಕೆಗಿಂತ ಬಿಲ್ ನೋಡಿ. ಮಾರುವವರ ಪ್ರಮಾಣಪತ್ರ ಸಂಖ್ಯೆ ಮತ್ತು ‘ಎಫ್‌ಎಸ್‌ಸಿ 100%’, ‘ಮಿಕ್ಸ್’ ಅಥವಾ ‘ರೀಸೈಕಲ್ಡ್’ ಎಂಬ ನಮೂದು ಆ ಸರಕಿನ ಮುಂದೆಯೇ ಇರಬೇಕು. ಸಂಖ್ಯೆಯನ್ನು ಎಫ್‌ಎಸ್‌ಸಿ ಜಾಲತಾಣದಲ್ಲಿ ಹಾಕಿದರೆ ಅವಧಿ ಮುಗಿದಿದೆಯೇ, ಈ ಬಗೆಯ ಕಾಗದ ಅದರ ವ್ಯಾಪ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ.

ನಮ್ಮ ದೇಶದ ಗಿರಣಿಗಳು ಒಂದು ಕಾಲಕ್ಕೆ ಪಶ್ಚಿಮಘಟ್ಟದ ಬಿದಿರನ್ನು ಬರಿದು ಮಾಡಿದವು. 1988ರ ಅರಣ್ಯ ನೀತಿಯ ನಂತರ ರೈತರ ಜಮೀನಿನ ನೀಲಗಿರಿ, ಸುಬಾಬುಲ್, ಸರ್ವೆಯ ಕಡೆ ಹೊರಳಿವೆ. ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದನ್ನು ಮರೆಯುವಂತಿಲ್ಲ. ಆದರೂ ಕಾಡಿನ ಮರಕ್ಕಿಂತ ರೈತರ ಜಮೀನಿನ ಮರ ಮೇಲು.

ಮಂಡ್ಯದ ಕಬ್ಬಿನ ಸಿಪ್ಪೆ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಬೆಳಗೊಳದ ಗಿರಣಿ ಅದರಿಂದಲೇ ಕಾಗದ ಮಾಡುತ್ತಿತ್ತು. ಒಂದು ಟನ್ ಪಲ್ಪ್‌ಗೆ 5–6 ಟನ್ ಹಸಿ ಸಿಪ್ಪೆ ಬೇಕು. ಅದರೊಳಗಿನ ಮೆತ್ತನೆಯ ಬೆಂಡನ್ನು ಬೇರ್ಪಡಿಸದಿದ್ದರೆ ಯಂತ್ರದ ಜಾಲರಿಯಲ್ಲಿ ನೀರು ಬಸಿಯದು. ಸಕ್ಕರೆ ಕಾರ್ಖಾನೆಗಳು ಸಿಪ್ಪೆಯನ್ನು ಬಾಯ್ಲರ್‌ಗೆ ಹಾಕಿ ವಿದ್ಯುತ್ ಮಾಡುತ್ತಿರುವಾಗ ಬದಲಿ ಇಂಧನ ಕೊಡದೆ ಅದು ಸಿಗುವುದಿಲ್ಲ. ತಮಿಳುನಾಡು ಸರ್ಕಾರ ಕರೂರಿನಲ್ಲಿ ಸ್ಥಾಪಿಸಿದ ಗಿರಣಿ ನಡೆದದ್ದು ಅಂಥ ವಿನಿಮಯದಿಂದ.

ಊದುಬತ್ತಿ, ಸಿಹಿತಿಂಡಿ ಡಬ್ಬಿಗಳನ್ನು ಕೊಳ್ಳುವವರಿಗೂ ಒಂದು ಮಾತು. ಒಳಮೈ ಬೂದು ಬಣ್ಣದ ಡ್ಯುಪ್ಲೆಕ್ಸ್ ಬೋರ್ಡ್ ಬಹುಪಾಲು ರದ್ದಿಯಿಂದ ಆದದ್ದು. ಊದುಬತ್ತಿಗೆ ಅದು ಧಾರಾಳ ಸಾಕು. ಮೈಸೂರು ಪಾಕಿಗೆ ಮಾತ್ರ ಬೇಡ, ರದ್ದಿಯಲ್ಲಿ ಉಳಿದ ಮುದ್ರಣ ಶಾಯಿಯ ಖನಿಜ ತೈಲ ತುಪ್ಪದ ತಿಂಡಿಗೆ ಇಳಿಯುತ್ತದೆ.

ಕಚೇರಿಗಳು 75 ಜಿಎಸ್‌ಎಂ ಬಿಟ್ಟು 70ಕ್ಕೆ ಬಂದರೆ 500 ಹಾಳೆಯ ಎ4 ರೀಮ್ ಒಂದಕ್ಕೆ ಸುಮಾರು 156 ಗ್ರಾಂ ಉಳಿಯುತ್ತದೆ. ಎರಡೂ ಬದಿ ಮುದ್ರಿಸಿದರೆ ಹಾಳೆಯೇ ಅರ್ಧ. ಮೈಸೂರು ಮಹಾನಗರ ಪಾಲಿಕೆ ಮತ್ತು ವಿಶ್ವವಿದ್ಯಾಲಯ ತಮ್ಮ ಮುಂದಿನ ಕಾಗದ ಟೆಂಡರ್‌ನಲ್ಲೇ ಮೇಲಿನ ಷರತ್ತು ಸೇರಿಸಬೇಕು, ಬಿಲ್‌ನಲ್ಲಿ ನಮೂದಿಲ್ಲದ ಸರಕನ್ನು ವಾಪಸು ಕಳಿಸುವ ಅಧಿಕಾರವನ್ನು ಉಗ್ರಾಣದವರಿಗೆ ಕೊಡಬೇಕು.

— ಕಾಗದ ಮತ್ತು ಮುದ್ರಣ ತಂತ್ರಜ್ಞರು, ಮೈಸೂರು